ಪದಕ ಕೊಡುವ ಕೈ

ಸನ್ಮಾನವೆಂಬುದು ಈಚಿನ ದಿನಗಳಲ್ಲಿ ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿಯೂ ಅಗ್ಗವಾಗಿದೆಯೆಂದು ಹಿರಿಯರು ಆಡಿಕೊಳ್ಳುವುದುಂಟು. ಒಂದು ಶಾಲು, ಒಂದು ಗಂಧದ ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಮೈಸೂರು ಪೇಟ, ಚೌಕಟ್ಟು ಹಾಕಿದ ಅಭಿನಂದನ ಪತ್ರ. ಇಷ್ಟಾದರೆ ಸಂಘಟಕರ ಋಣ ತೀರಿತು. ಶಾಲು ಪೆಟ್ಟಿಗೆ ಸೇರುತ್ತದೆ, ಪತ್ರ ಗೋಡೆಗೇರುತ್ತದೆ. ಸನ್ಮಾನಿತರ ಮನೆಯ ಒಲೆ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಹಾಗೆಂದು ಸನ್ಮಾನವೇ ಬೇಡವೆಂದು ನಾವು ಹೇಳುವವರಲ್ಲ. ಯಾರನ್ನು, ಎಲ್ಲಿ, ಯಾರ ಮುಂದೆ, ಯಾವ ಹೊತ್ತಿನಲ್ಲಿ ಗೌರವಿಸುತ್ತೇವೆಂಬುದರ ಮೇಲೆ ಅದರ ಬೆಲೆ ನಿಂತಿದೆಯೆಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯವು 2023ರ ಒಂದು ಸಮಾರಂಭದಿಂದ ಗಟ್ಟಿಯಾಯಿತು. ಆ ಸಂಗತಿಯನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಾವು ಸೊರಬ ತಾಲ್ಲೂಕಿನ ಗುಡವಿಯವರು. ನಮ್ಮೂರು ಪಕ್ಷಿಧಾಮದಿಂದಾಗಿ ಹೊರಗಿನವರಿಗೆ ಪರಿಚಿತ. ಮಳೆ ಹಿಡಿದೊಡನೆ ಕೆರೆಯೊಳಗಿನ ಮರಗಳ ಮೇಲೆ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಹೊರಟುಹೋಗುತ್ತವೆ. ನಮ್ಮ ಮಕ್ಕಳೂ ಹಾಗೆಯೇ ಎಂದು ಊರಿನ ಹೆಂಗಸರು ನಗುತ್ತಾರೆ. ನಾವು ದಂಪತಿಗಳಿಬ್ಬರೂ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ತೀರ್ಥರೂಪರ ಹೆಸರಿನಲ್ಲಿ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಸಣ್ಣದೊಂದು ದತ್ತಿಯನ್ನಿಟ್ಟಿದ್ದೇವೆ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ ಅದರ ಬಡ್ಡಿಯಿಂದ ಬೆಳ್ಳಿಯ ಪದಕವೊಂದು ಸಲ್ಲುತ್ತದೆ. ದತ್ತಿಯಿಟ್ಟವರೆಂಬ ಕಾರಣಕ್ಕೆ ಆ ವರ್ಷ ಕಾಲೇಜಿನವರು ಪದವಿ ದಿನದ ಸಮಿತಿಗೆ ನಮ್ಮನ್ನೂ ಕರೆದಿದ್ದರು.

ವಿಶ್ವವಿದ್ಯಾಲಯದ ಘಟಿಕೋತ್ಸವವು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿಯಲ್ಲಿ ನಡೆಯುತ್ತದೆ. ನಮ್ಮ ಹಳ್ಳಿಗಳಿಂದ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಗಿ ಬಸ್ಸಿನ ಖರ್ಚೂ ಬೀಳುವ ಮಾತು. ಬಹುಪಾಲು ಮಕ್ಕಳಿಗೆ ಪದವಿ ಪತ್ರವು ಕಚೇರಿಯ ಕಿಟಕಿಯ ಮೂಲಕವೇ ಕೈಸೇರುತ್ತದೆ. ಆದ್ದರಿಂದ ಕಾಲೇಜೇ ಒಂದು ದಿನ ಗೊತ್ತುಮಾಡಿ, ತಂದೆತಾಯಿಗಳನ್ನು ಕರೆದು, ಉತ್ತೀರ್ಣರಾದವರನ್ನು ವೇದಿಕೆಗೆ ಬರಮಾಡಿಕೊಳ್ಳುವ ಪದ್ಧತಿ ಬಂದಿದೆ. ಅಡಿಕೆ ಸುಲಿಯುವ ತಾಯಿಯೊಬ್ಬಳು ತನ್ನ ಮಗಳ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳುವ ಸುಖವು ಬೇರೆಲ್ಲಿ ದೊರೆತೀತು?

ಸಮಿತಿಯಲ್ಲಿ ಮಕ್ಕಳ ವಿಷಯವಾಗಿ ಏನೂ ಚರ್ಚೆಯಿರಲಿಲ್ಲ. ಅಂಕಪಟ್ಟಿಯೇ ಅದನ್ನು ತೀರ್ಮಾನಿಸಿತ್ತು. ಚರ್ಚೆಯೆದ್ದದ್ದು ಪದಕಗಳನ್ನು ಯಾರ ಕೈಯಿಂದ ಕೊಡಿಸಬೇಕೆಂಬುದರ ಬಗೆಗೆ. ಒಬ್ಬರು ಜನಪ್ರತಿನಿಧಿಗಳ ಹೆಸರನ್ನೂ, ಇನ್ನೊಬ್ಬರು ದೂರದರ್ಶನದ ಧಾರಾವಾಹಿಯ ನಟರೊಬ್ಬರ ಹೆಸರನ್ನೂ ಸೂಚಿಸಿದರು. ಸ್ಥಳೀಯ ಕಲಾವಿದರೊಬ್ಬರಿಗೂ ಕೊನೆಯಲ್ಲಿ ಒಂದು ಶಾಲು ಹೊದಿಸಿದರಾಯಿತು ಎಂಬ ಮಾತೂ ಬಂತು. ಆ ‘ಕೊನೆಯಲ್ಲಿ’ ಎಂಬ ಪದ ನಮ್ಮನ್ನು ಚುಚ್ಚಿತು. ಹಿಂದೊಮ್ಮೆ ಬೇರೊಂದು ಊರಿನ ಸಮಾರಂಭದಲ್ಲಿ ಡೊಳ್ಳಿನ ಮೇಳದ ಹಿರಿಯರೊಬ್ಬರನ್ನು ಬೆಳಗ್ಗೆ ಹತ್ತಕ್ಕೆ ಕರೆಸಿ, ಭಾಷಣಗಳೆಲ್ಲ ಮುಗಿದ ಮೇಲೆ ನಾಲ್ಕು ಗಂಟೆಗೆ ಖಾಲಿ ಕುರ್ಚಿಗಳ ಮುಂದೆ ಗೌರವಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಅದಕ್ಕೆ ಗೌರವವೆಂದು ಹೆಸರಿಡುವುದು ಹೇಗೆ?

ನಾವು ಸೂಚಿಸಿದ್ದು ಸೊರಬದ ಕಡೆಯ ಹಿರಿಯ ಗುಡಿಗಾರರೊಬ್ಬರ ಹೆಸರನ್ನು. ಅವರು ಪ್ರಚಾರವನ್ನು ಬಯಸುವವರಲ್ಲವಾದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಸೊರಬ, ಸಾಗರ, ಶಿರಸಿಯ ಗುಡಿಗಾರರ ಗಂಧದ ಕೆತ್ತನೆ ಇಂದು ನಿನ್ನೆಯದಲ್ಲ. ಹಿಂದೆ ದೊಡ್ಡವರಿಗೆ ಬಿನ್ನವತ್ತಳೆಯನ್ನು ಅರ್ಪಿಸುವಾಗ ಅದನ್ನು ಗಂಧದ ಕರಂಡಕದಲ್ಲಿಟ್ಟು ಕೊಡುವ ಸಂಪ್ರದಾಯವಿತ್ತು. ಬೆರಳಗಲದ ಜಾಗದಲ್ಲಿ ಬಳ್ಳಿ, ಹಕ್ಕಿ, ಆನೆಗಳನ್ನು ಹೆಣೆದು ಅಂಥ ಪೆಟ್ಟಿಗೆಗಳನ್ನು ಮಾಡುತ್ತಿದ್ದವರು ಈ ಕುಶಲಿಗಳು. ನಾಡಿನವರೆಲ್ಲರ ಮಾನಪತ್ರಗಳಿಗೆ ಮನೆ ಕಟ್ಟಿಕೊಟ್ಟವರಿಗೆ ಮಾನಪತ್ರ ಕೊಟ್ಟವರು ವಿರಳ! ನಾವು ಹೇಳುತ್ತಿರುವ ಹಿರಿಯರು ತಾವು ಕೆತ್ತಿದ್ದು ಮಾತ್ರವಲ್ಲ, ತಮ್ಮ ಕೊಟ್ಟಿಗೆಯಲ್ಲಿ ಐವತ್ತು ವರ್ಷಗಳಿಂದ ಯಾವ ಜಾತಿಯ ಹುಡುಗ ಬಂದರೂ ಉಳಿ ಹಿಡಿಯಲು ಕಲಿಸಿದ್ದಾರೆ. ಊಟವೂ ಅಲ್ಲಿಯೇ. ಗಂಧದ ಕೊರಡು ದುರ್ಲಭವಾದಾಗ ಶಿವನೆಯ ಮರದಲ್ಲಿ ದೇವರ ಮೂರ್ತಿಗಳನ್ನು ಮಾಡಿಸಿ ಹುಡುಗರ ಕೈ ನಿಲ್ಲದಂತೆ ನೋಡಿಕೊಂಡವರು. ಕಲಾವಿದರು ಅನೇಕರಿರುತ್ತಾರೆ, ಕಲೆಯನ್ನು ಹೊತ್ತು ನಡೆಸುವ ಯಜಮಾನರು ಕೆಲವರೇ. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಇಂಥ ಯಜಮಾನಿಕೆಯನ್ನು ರಂಗಭೂಮಿಯಲ್ಲಿ ಮಾಡಿ ತೋರಿಸಿದರು. 1949ರಲ್ಲಿ ಹುಟ್ಟಿದ ನೀನಾಸಮ್ ಹಳ್ಳಿಯಲ್ಲಿಯೇ ಬೇರೂರಿ ಬೆಳೆಯಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಹಳ್ಳಿಯನ್ನೇ ಹುಡುಕಿಕೊಂಡು ಬಂತು. ನಮ್ಮ ಗುಡಿಗಾರರನ್ನು ಯಾವ ಪ್ರಶಸ್ತಿಯೂ ಹುಡುಕಿರಲಿಲ್ಲ.

ಸಮಿತಿಯವರು ಅಂತೂ ಒಪ್ಪಿದರು. ಶಾಲು ಹೊದಿಸುವುದಷ್ಟೇ ಅಲ್ಲ, ಸಮಾರಂಭದ ಆರಂಭದಲ್ಲಿಯೇ ಅವರನ್ನು ಗೌರವಿಸಿ, ಅನಂತರ ಮಕ್ಕಳಿಗೆ ಪದಕಗಳನ್ನು ಅವರ ಕೈಯಿಂದಲೇ ಕೊಡಿಸಬೇಕೆಂಬ ನಮ್ಮ ಮಾತಿಗೆ ಮಾತ್ರ ಒಬ್ಬ ಪ್ರಾಧ್ಯಾಪಕರು ಹಿಂದೇಟು ಹಾಕಿದರು. “ಪದವಿಯ ಸಮಾರಂಭ, ಪದವಿಯಿಲ್ಲದವರು ಪದಕ ಕೊಡುವುದು ಔಚಿತ್ಯವೇ?” ಎಂದರು. ಅವರು ದುರಭಿಪ್ರಾಯದಿಂದ ಹೇಳಿದ ಮಾತಲ್ಲ. ವಿಚಿತ್ರವೆಂದರೆ ನಾವು ಆಹ್ವಾನವನ್ನು ಒಯ್ದಾಗ ಆ ಹಿರಿಯರೂ ಅದೇ ಮಾತನ್ನು ಆಡಿದರು.

“ಮೇಷ್ಟ್ರೇ, ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವ. ಹದಿನೈದು ವರ್ಷ ಓದಿದ ಮಕ್ಕಳ ಕೊರಳಿಗೆ ನಾನು ಪದಕ ಹಾಕೋದು ಅಂದ್ರೆ ಜನ ನಗೋದಿಲ್ವಾ? ಶಾಲು ಹೊದೆಸ್ತೀರಿ ಅಂದ್ರೆ ಬಂದು ಒಂದು ಮೂಲೇಲಿ ಕೂತ್ಕೊಳ್ತೀನಿ. ಅಮ್ಮಾವ್ರೇ, ನೀವಾದ್ರೂ ಹೇಳಿ.”

ಎರಡು ಕಡೆಗಳಿಂದಲೂ ಬಂದ ಒಂದೇ ಪ್ರಶ್ನೆಗೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿರಲಿಲ್ಲ. ಶಿರಾಳಕೊಪ್ಪದ ಮಗ್ಗುಲಿನಲ್ಲಿಯೇ ಬಳ್ಳಿಗಾವಿಯಿದೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದುಂಟು, ಬಿ.ಎಲ್. ರೈಸರು ಅದನ್ನು ಶಿಕಾರಿಪುರ ತಾಲ್ಲೂಕಿನ ಶಾಸನಗಳ ಜೊತೆಯಲ್ಲಿ ಪ್ರಕಟಿಸಿದರು. ಬಸವಣ್ಣನವರು ಯಾರ ಭಂಡಾರಿಗಳಾಗಿದ್ದರೋ ಅದೇ ಬಿಜ್ಜಳನ ಕಾಲದ್ದು. ಆ ಮಠವು ಕಾಳಾಮುಖ ಶೈವರದು. ನಾಲ್ಕು ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣಗಳು ಅಲ್ಲಿ ನಡೆಯುತ್ತಿದ್ದ ಪಾಠಗಳೆಂದು ಶಾಸನವು ಎಣಿಸುತ್ತದೆ. ಅಷ್ಟಕ್ಕೆ ನಿಲ್ಲುವುದಿಲ್ಲ. ಕಾವ್ಯ, ನಾಟಕ, ನೃತ್ಯಗಳೂ ಆ ಪಟ್ಟಿಯಲ್ಲಿವೆ. ಮುಂದುವರಿದು, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ ಸ್ಥಾನವೆಂದು ಹೇಳುವಾಗ ಕಥೆ ಹೇಳುವವರನ್ನೂ, ಹಾಡುವವರನ್ನೂ, ವಾದ್ಯ ಬಾರಿಸುವವರನ್ನೂ, ಕುಣಿಯುವವರನ್ನೂ ಹೆಸರಿಸುತ್ತದೆ. ರೋಗಿಗಳಿಗೆ ಔಷಧವೂ ಅಲ್ಲಿಯೇ. ವಿದ್ಯಾರ್ಥಿ ಓದುತ್ತಿದ್ದ ಅಂಗಳದಲ್ಲಿಯೇ ಕಲಾವಿದನಿಗೆ ಎಲೆ ಹಾಕುತ್ತಿದ್ದರೆಂಬುದು ಇದರ ತಾತ್ಪರ್ಯ. ಇಂದಿನ ನಮ್ಮ ಕಾಲೇಜುಗಳ ಅಂಗಳಗಳಲ್ಲಿ ಅಷ್ಟು ವಿಶಾಲತೆ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅದೇ ಬಳ್ಳಿಗಾವಿ ಅಲ್ಲಮಪ್ರಭುಗಳ ಊರೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ಹರಿಹರನ ರಗಳೆಯ ಪ್ರಕಾರ ಪ್ರಭುಗಳು ಮೊದಲಲ್ಲಿ ಮದ್ದಳೆಯನ್ನು ನುಡಿಸುತ್ತಿದ್ದವರೆಂಬುದನ್ನು ನಾವು ಎಷ್ಟು ಬಾರಿ ನೆನೆಯುತ್ತೇವೆ? ಗುಡಿಯ ಮದ್ದಳೆಗಾರರು ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯ ಸಿಂಹಾಸನವನ್ನೇರಿದರು. ನಾಡಿನ ಅನುಭಾವಿಗಳೆಲ್ಲರೂ ಅವರ ಮುಂದೆ ಕುಳಿತು ತಮ್ಮ ಅರಿವನ್ನು ಒರೆಗೆ ಹಚ್ಚಿಕೊಂಡರು. ಶಿಕಾರಿಪುರದ ಕಡೆಯ ಉಡುತಡಿಯಿಂದ ಹೋದ ಅಕ್ಕಮಹಾದೇವಿಯನ್ನು ಪ್ರಶ್ನೆಗಳಿಂದ ಪರೀಕ್ಷಿಸಿ ಬರಮಾಡಿಕೊಂಡವರೂ ಅವರೇ ಎಂದು ಶೂನ್ಯಸಂಪಾದನೆ ಹೇಳುತ್ತದೆ. ಮದ್ದಳೆ ಬಾರಿಸಿದ ಕೈಗೆ ಆ ಅಧಿಕಾರ ಸಂದಿರುವಾಗ ಉಳಿ ಹಿಡಿದ ಕೈಗೆ ಬೆಳ್ಳಿಯ ಪದಕವೊಂದನ್ನು ಹಿಡಿಯುವ ಅಧಿಕಾರವಿಲ್ಲವೇ?

ಇದನ್ನು ಹೇಳಿದಾಗ ಹಿರಿಯರು ಮೌನವಾಗಿ ಕೇಳಿದರು. ಅವರ ಮುಖವರಳಿದ್ದು ದಾಸೋಜನ ಹೆಸರೆತ್ತಿದಾಗ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿಯ ಮದನಿಕೆಯರ ಕೆಳಗೆ ಶಿಲ್ಪಿಗಳು ತಮ್ಮ ಹೆಸರುಗಳನ್ನು ಬಿರುದುಗಳ ಸಮೇತ ಕೊರೆದಿದ್ದಾರೆ. ಅವರಲ್ಲಿ ದಾಸೋಜನೂ ಅವನ ಮಗ ಚಾವಣನೂ ನಮ್ಮ ಬಳ್ಳಿಗಾವಿಯವರು. ಊರ ಹೆಸರನ್ನೂ ಕಲ್ಲಿನಲ್ಲಿ ಹೇಳಿಕೊಂಡಿದ್ದಾರೆ. ‘ಓಜ’ ಎಂಬುದು ‘ಉಪಾಧ್ಯಾಯ’ ಎಂಬ ಶಬ್ದದಿಂದಲೇ ಸವೆದು ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಅಕ್ಷರ ಕಲಿಸುವವನಿಗೂ ಕಲ್ಲು ಮರ ಕೆತ್ತುವವನಿಗೂ ಕನ್ನಡವು ಒಂದೇ ಹೆಸರನ್ನಿಟ್ಟಿತು. ನಮ್ಮ ಗುಡವಿಗೆ ಅಷ್ಟೇನೂ ದೂರವಲ್ಲದ ಬನವಾಸಿಯನ್ನು ಮನತುಂಬಿ ಹೊಗಳಿದ ಪಂಪ ಮಹಾಕವಿಯನ್ನು ನಾಡೋಜನೆಂದು ಕರೆದರು. ಎಂದರೆ ನಾಡಿಗೇ ಉಪಾಧ್ಯಾಯ.

“ಹಾಗಾದ್ರೆ ನೀವೂ ಓಜರೇ, ನಾನೂ ಓಜನೇ ಅನ್ನಿ” ಎಂದು ಅವರು ನಕ್ಕರು. “ಪಿಂಚಣಿ ಮಾತ್ರ ನಿಮಗೊಬ್ರಿಗೆ!”

ನಗೆಮಾತಾದರೂ ಅದರಲ್ಲಿ ಸತ್ಯವಿತ್ತು. ಆ ಸತ್ಯ ಮುಂದೆ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡದ್ದನ್ನು ಆಮೇಲೆ ಹೇಳುತ್ತೇವೆ.

ಪ್ರಾಧ್ಯಾಪಕರಿಗೆ ಶಾಸನಗಳಿಗಿಂತ ಇತ್ತೀಚಿನ ನಿದರ್ಶನಗಳು ಬೇಕಾಗಿದ್ದವು. ಅವೂ ಇಲ್ಲದಿಲ್ಲ. ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ತನ್ನ ಘಟಿಕೋತ್ಸವಕ್ಕೆ ನುಡಿಹಬ್ಬವೆಂದು ಹೆಸರಿಟ್ಟು, ಸಂಶೋಧಕರಿಗೆ ಪದವಿ ನೀಡುವ ಆ ಉತ್ಸವದಲ್ಲಿಯೇ ನಾಡೋಜ ಗೌರವವನ್ನು ಪ್ರದಾನ ಮಾಡುತ್ತ ಬಂದಿದೆ. ಓದುಬರಹ ಕಲಿಯದೆ, ದಿನಗಟ್ಟಲೆ ಹಾಡುವಷ್ಟು ಬುರ್ರಕಥೆಗಳನ್ನು ನೆನಪಿನಲ್ಲಿಯೇ ಇರಿಸಿಕೊಂಡಿದ್ದ ದರೋಜಿಯ ಈರಮ್ಮನವರು ನಾಡೋಜರಾದರು. ಆಕೆಯ ಹಾಡುಗಳನ್ನು ಬರೆದುಕೊಂಡು ಅಭ್ಯಾಸ ಮಾಡಿದವರು ವಿದ್ವಾಂಸರು. ಯಾರು ಯಾರಿಗೆ ಗುರುವೆಂಬುದನ್ನು ಓದುಗರೇ ನಿರ್ಣಯಿಸಲಿ.

ಇನ್ನೊಂದು ನಿದರ್ಶನವು ನಮ್ಮ ತಾಲ್ಲೂಕಿನ ಗಡಿಗೆ ಹೊಂದಿಕೊಂಡ ಹಾನಗಲ್ಲಿನದು. ನಮ್ಮ ಮನೆತನಗಳಿಗೆಲ್ಲ ಹತ್ತಿರದ್ದು. ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠವನ್ನು ಗುರುತಿಸಿ ಸಂಗೀತ ಕಲಿಸಿದರು. ಗವಾಯಿಗಳು ಊರೂರು ತಿರುಗುತ್ತ, ಜೋಳಿಗೆ ಹಿಡಿದು, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಭಾರವು ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂತು. ಅವರೂ ಅದೇ ಹಾನಗಲ್ಲು ಸೀಮೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದವರು, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಯಾವ ಕಾಲೇಜಿನ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ತುಳಿಯದ ಅವರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನು ಸಲ್ಲಿಸಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಗದುಗಿಗೆ ಹರಿದುಬಂದ ಜನಸಾಗರದಲ್ಲಿ ಆ ಪದವಿಗಳ ಪಟ್ಟಿಯನ್ನು ನೆನೆದು ಬಂದವರು ಎಷ್ಟು ಮಂದಿಯೋ! ತಮ್ಮ ಮನೆಯ ಕುರುಡು ಕೂಸಿಗೆ ಒಂದು ಬಾಳು ಕೊಟ್ಟ ಅಜ್ಜನೆಂದು ಬಂದವರೇ ಹೆಚ್ಚು.

ಪ್ರಾಧ್ಯಾಪಕರು ಸಜ್ಜನರು. “ಇನ್ನು ನನ್ನದೇನೂ ಆಕ್ಷೇಪಣೆಯಿಲ್ಲ, ಸ್ವಾಗತ ಭಾಷಣದಲ್ಲಿ ದಾಸೋಜನ ಸಂಗತಿಯನ್ನು ನಾನೇ ಹೇಳುತ್ತೇನೆ” ಎಂದರು. ಹೇಳಿದರು ಕೂಡ. ಸ್ವಲ್ಪ ದೀರ್ಘವಾಯಿತು.

ಸಮಾರಂಭದ ದಿನ ಜೋರು ಮಳೆ. ಸಭಾಂಗಣದ ತಗಡಿನ ಮಾಡಿನ ಮೇಲೆ ಬೀಳುವ ಹನಿಗಳ ಸದ್ದಿನಲ್ಲಿ ಅತಿಥಿಗಳ ಮಾತು ಅರ್ಧಕ್ಕರ್ಧ ಕೇಳಿಸಲಿಲ್ಲ. ಅದರಿಂದ ಯಾರಿಗೂ ನಷ್ಟವಾದಂತೆ ತೋರಲಿಲ್ಲ. ಹಿರಿಯರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು ತಮ್ಮ ಶಿಷ್ಯರಲ್ಲಿ ಏಳೆಂಟು ಮಂದಿಯನ್ನು ಕರೆದುಕೊಂಡು ಬಂದಿದ್ದರು. ಶಾಲು ಹೊದಿಸಿದಾಗ ಅವರು ತಲೆಬಾಗಿದರು. ಎರಡು ಮಾತು ಆಡಿರೆಂದಾಗ ಕೈಮುಗಿದು ಒಲ್ಲೆನೆಂದರು. ಆದರೆ ಪದಕಗಳ ಸರದಿ ಬಂದಾಗ ಅವರ ಸಂಕೋಚ ಹೇಗೋ ಕರಗಿತು. ಪದಕವನ್ನು ಕೈಗೆತ್ತಿಕೊಂಡೊಡನೆ ಮೊದಲು ಅದನ್ನು ತಿರುಗಿಸಿ ಅಂಚಿನ ಕೆಲಸವನ್ನು ನೋಡಿದರು. ಮುಖದಲ್ಲಿ ಮೆಚ್ಚುಗೆ ಕಾಣಲಿಲ್ಲ! ಅನಂತರ ಪ್ರತಿಯೊಬ್ಬರನ್ನೂ ನಿಲ್ಲಿಸಿ ಮಾತನಾಡಿಸತೊಡಗಿದರು. ವಿಜ್ಞಾನದಲ್ಲಿ ಮೊದಲಿಗನಾದ ಹುಡುಗನನ್ನು, ಮರದೊಳಗಿನ ವರ್ಷದ ಉಂಗುರಗಳು ಒಂದೇ ಸಮನಾಗಿರುವುದಿಲ್ಲವೇಕೆಂದು ಕೇಳಿದರು. ಮಳೆ ಹೆಚ್ಚುಕಡಿಮೆಯಾಗುವುದರಿಂದ ಎಂದು ಹುಡುಗ ಉತ್ತರಿಸಿದಾಗ “ಸರಿ, ಅದಕ್ಕೇ ನಮ್ಮ ಉಳಿ ಒಂದೊಂದು ಕಡೆ ಜಾರ್ತದೆ” ಎಂದರು. ಕನ್ನಡದ ಪದಕ ಆ ಸಲ ನಮ್ಮ ಅಣ್ಣನವರ ಮೊಮ್ಮಗಳಿಗೇ ಬಂದಿತ್ತು. ನಮ್ಮ ದತ್ತಿ ನಮ್ಮ ಮನೆಗೇ ಬಂತೆಂದು ಯಾರಾದರೂ ಆಡಿಕೊಂಡಾರೆಂಬ ಅಳುಕು ನಮಗಿತ್ತಾದರೂ ಅಂಕಪಟ್ಟಿಯ ಮುಂದೆ ಮಾತಿಲ್ಲ. ಅವಳೊಡನೆ ಅವರು ಏನೋ ಮೆಲ್ಲಗೆ ಹೇಳಿದರು. “ಅಜ್ಜ, ಅದು ನನಗೆ ಹೇಳಿದ್ದು” ಎಂದು ಅವಳು ಇಂದಿಗೂ ನಮಗೆ ತಿಳಿಸಿಲ್ಲ.

ವಾಣಿಜ್ಯ ವಿಭಾಗದಲ್ಲಿ ಪ್ರಥಮಳಾದವಳು ನಮ್ಮ ಪಕ್ಕದ ಹಳ್ಳಿಯವಳು. ತಾಯಿ ಅಡಿಕೆ ಸುಲಿಯಲು ಹೋಗುವವಳೆಂದು ಮೇಲೆ ಹೇಳಿದೆವಲ್ಲ, ಆಕೆಯ ಮಗಳು. ದಿನವೂ ಎರಡು ಮೈಲಿ ನಡೆದು ಬಸ್ಸು ಹಿಡಿದು ಓದಿದ ಮಗು. ಹಿರಿಯರು ಪದಕ ಹಾಕಿ, “ಲೆಕ್ಕ ಚೆನ್ನಾಗಿ ಬರ್ತದಾ ಮಗಳೇ? ಹಾಗಾದ್ರೆ ನಮ್ಮ ಕೊಟ್ಟಿಗೆ ಲೆಕ್ಕ ಒಂದ್ಸಲ ನೋಡು ಬಾ, ನನಗೆ ತಿಳಿಯೋದಿಲ್ಲ” ಎಂದರು. ಧ್ವನಿವರ್ಧಕ ಹತ್ತಿರವೇ ಇದ್ದುದರಿಂದ ಅದು ಎಲ್ಲರಿಗೂ ಕೇಳಿಸಿ ಸಭೆ ನಕ್ಕಿತು. ಹುಡುಗಿ ನಗಲಿಲ್ಲ. “ಬರ್ತೀನಿ ಅಜ್ಜ” ಎಂದಳು.

ಮುಂದಿನ ಭಾನುವಾರವೇ ಅವಳು ಹೋದಳು. ನಮ್ಮ ಮೊಮ್ಮಗಳೂ ಜೊತೆಗೂಡಿದಳು. ಇಬ್ಬರು ಹೆಣ್ಣುಮಕ್ಕಳನ್ನೇ ಕಳಿಸುವುದು ಬೇಡವೆಂದು ನಾವೂ ಹೋದೆವು. ಕೊಟ್ಟಿಗೆಯಲ್ಲಿ ಲೆಕ್ಕವೆಂಬುದೇ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ಸೀಸದಕಡ್ಡಿಯ ಗೀಟುಗಳು, ಒಂದು ಡಬ್ಬಿಯಲ್ಲಿ ಚೀಟಿಗಳು. ಹುಡುಗಿ ನೆಲದ ಮೇಲೆ ಕುಳಿತು ಒಂದು ಹೊಸ ನೋಟುಪುಸ್ತಕದಲ್ಲಿ ಗೆರೆಯೆಳೆದಳು. ಈ ಗಣಪತಿಗೆ ಕೊರಡು ತಂದದ್ದೆಂದು? ಕೊರಡಿನ ಬೆಲೆಯೆಷ್ಟು? ಉಳಿ ಹಿಡಿದ ದಿನಗಳೆಷ್ಟು? ಉಜ್ಜುವ ಕಾಗದಕ್ಕೆಷ್ಟು? ಸಾಗರಕ್ಕೆ ಒಯ್ಯುವ ಬಸ್ಸಿಗೆಷ್ಟು? ಕಲಿಯುವ ಹುಡುಗರ ಊಟದ ಖರ್ಚು ಯಾವುದರಲ್ಲಿ ಸೇರಿದೆ? ಹಿರಿಯರು ಒಂದೊಂದಕ್ಕೂ ಯೋಚಿಸಿ ಹೇಳಿದರು. ಊಟದ ಪ್ರಶ್ನೆಗೆ ಮಾತ್ರ, “ಅದನ್ನು ಬರೀಬೇಡ ಮಗಳೇ, ಅನ್ನಕ್ಕೆ ಲೆಕ್ಕ ಇಡಬಾರದು” ಎಂದರು. ಅವಳು ಬರೆಯಲಿಲ್ಲ.

ನಾಲ್ಕು ಭಾನುವಾರಗಳ ಮೇಲೆ ಲೆಕ್ಕ ತಯಾರಾಯಿತು. ಒಂದು ಗಂಧದ ಗಣಪತಿಗೆ ಇಪ್ಪತ್ತಾರು ದಿನಗಳ ಕೆಲಸ. ಮರದ ಬೆಲೆ, ಇತರ ವೆಚ್ಚಗಳನ್ನು ಕಳೆದು ಉಳಿದದ್ದನ್ನು ದಿನಗಳಿಂದ ಭಾಗಿಸಿದಾಗ ದಿನಕ್ಕೆ ದೊರೆತ ಹಣ ಅವಳ ತಾಯಿ ಅಡಿಕೆ ಸುಲಿದು ತರುವ ಕೂಲಿಗಿಂತ ಕಡಿಮೆಯಿತ್ತು. ಅವಳು ಅದನ್ನು ಓದಿ ಹೇಳಿ ಸುಮ್ಮನಾದಳು. ಹುಡುಗರು ಉಳಿ ನಿಲ್ಲಿಸಿದರು. ಒಳಗಿನಿಂದ ಹಿರಿಯರ ಮನೆಯವರು ಬಾಗಿಲಿಗೆ ಬಂದು, “ಇದನ್ನೇ ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಿ. ಈಗ ಪದಕದ ಹುಡುಗಿ ಹೇಳಿದ ಮೇಲೆ ಕೇಳಿಸ್ತಾ?” ಎಂದರು.

ಗಂಡುಮಕ್ಕಳಿಬ್ಬರು ಈ ಕಸುಬನ್ನು ಬಿಟ್ಟು ಬೆಂಗಳೂರಿಗೇಕೆ ಹೋದರೆಂದು ಊರವರು ಆ ಹಿರಿಯರನ್ನು ಆಕ್ಷೇಪಿಸುವುದನ್ನು ನಾವು ಕೇಳಿದ್ದೆವು. ಉತ್ತರ ಆ ಪುಟದಲ್ಲಿತ್ತು. ಕಲೆಗೆ ಪ್ರೋತ್ಸಾಹವೆಂದು ಭಾಷಣ ಮಾಡುವ ನಾವೆಲ್ಲ, ಮದುವೆಯ ಉಡುಗೊರೆಗೆ ಗಂಧದ ಮೂರ್ತಿ ಕೊಳ್ಳುವಾಗ ನೂರು ರೂಪಾಯಿಗೆ ಚೌಕಾಸಿ ಮಾಡುವವರೇ ಅಲ್ಲವೇ? ಚಿನ್ನದಂಗಡಿಯಲ್ಲಿ ಮಜೂರಿಯನ್ನು ಮರುಮಾತಿಲ್ಲದೆ ತೆರುವ ಮನೆಗಳು ಇಲ್ಲಿ ಮಾತ್ರ ಬಾಯಿ ಬಿಡುತ್ತವೆ.

ಮಾರನೆಯ ತಿಂಗಳು ಹುಬ್ಬಳ್ಳಿಯ ಕಡೆಯ ವರ್ತಕರೊಬ್ಬರು ಬಂದಾಗ ಹಿರಿಯರು ಹೊಸ ಬೆಲೆ ಹೇಳಿದರು. ವರ್ತಕರು ಎದ್ದು ನಿಂತರು, ಮತ್ತೆ ಕುಳಿತರು, ಎರಡು ಸಲ ಚಹಾ ಕುಡಿದರು. ಹಿರಿಯರು ವಾದಿಸಲಿಲ್ಲ, ನೋಟುಪುಸ್ತಕವನ್ನು ತೆರೆದು ಅವರ ಮುಂದಿಟ್ಟು ಉಳಿಯನ್ನು ಕೈಗೆತ್ತಿಕೊಂಡರು. ಅರ್ಧ ಗಂಟೆಯ ಮೇಲೆ ವ್ಯಾಪಾರ ಕುದುರಿತು. ಹೇಳಿದ ಬೆಲೆಗೆ ಸ್ವಲ್ಪ ಕಡಿಮೆ, ಹಿಂದಿನ ಬೆಲೆಗಿಂತ ಎಷ್ಟೋ ಹೆಚ್ಚು.

ಆ ಹುಡುಗಿ ಅನಂತರ ಶಿವಮೊಗ್ಗದಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಸೇರಿದಳು. ತಿಂಗಳಿಗೊಮ್ಮೆ ಊರಿಗೆ ಬರುವಾಗ ಸೊರಬದಲ್ಲಿ ಇಳಿದು, ಕೊಟ್ಟಿಗೆಯ ಪುಸ್ತಕದ ಮೇಲೆ ಕಣ್ಣಾಡಿಸಿ, ಕೂಡುವುದನ್ನು ಕೂಡಿ, ಅಲ್ಲಿಯೇ ಊಟ ಮುಗಿಸಿ, ಮೂರೂವರೆಯ ಬಸ್ಸಿಗೆ ಹಳ್ಳಿಯ ದಾರಿ ಹಿಡಿಯುತ್ತಾಳೆ.